ಒಂಟೆಯ ಹಿಂಗಾಲು

ಸರ್ವೋತ್ತಮ ಸುಳ್ಳು ಹೇಳುವ ಮನುಷ್ಯನಲ್ಲ. ದುಬೈಯ ಅಲ್ ಮುರಕ್ಕಬಾತ್‌ನಲ್ಲಿರುವ ನಾಖಾ ಸ್ಟೋರ್ಸ್ ಎಂಬ ನಾಲ್ಕು ಮಹಡಿಯ ಅಂಗಡಿಯಲ್ಲಿ ಎಷ್ಟೋ ವರ್ಷಗಳಿಂದ ಸೂಟ್‌ಕೇಸು ಮಾರುತ್ತಿದ್ದಾನೆ. "ಈ ಚಕ್ರ ಎಷ್ಟು ಕಾಲ ಬಾಳಿಕೆ ಬರ್ತದೆ?" ಎಂದು ಗಿರಾಕಿ ಕೇಳಿದರೆ, "ಅದು ನೀವು ಊರಿಗೆ ಎಂತೆಲ್ಲ ತುಂಬಿಸಿಕೊಂಡು ಹೋಗ್ತೀರಿ ನೋಡಿಕೊಂಡು" ಎಂದು ಸತ್ಯ ಹೇಳಿ ವ್ಯಾಪಾರ ಕೆಡಿಸಿಕೊಂಡವನು. ಅಂಥವನು ಒಂದು ಸಂಜೆ, ಬಾಯಲ್ಲಿ ಗಂಜಿ ಇರುವಾಗಲೇ, ಸ್ವಂತ ಮಗಳಿಗೆ ಸುಳ್ಳು ಹೇಳಿದ. ದೊಡ್ಡ ಸುಳ್ಳೇನಲ್ಲ. ಒಂದೇ ಶಬ್ದದ್ದು.

"ಪಪ್ಪಾ, ಪರೇಡಲ್ಲಿ ಈ ಸಲ ನೀವು ಎಂತ?" ಎಂದು ಕೇಳಿದಳು ಮೂರನೇ ಕ್ಲಾಸಿನ ತೃಷಾ.

"ಒಂಟೆ."

"ವಿಚ್ ಪಾರ್ಟ್?"

ಮಕ್ಕಳಿಗೆ ಉಪ್ಪಿನಕಾಯಿ ಬೇಡ, ಸೊಪ್ಪು ಬೇಡ, ನಿದ್ದೆ ಬೇಡ. ವಿವರ ಮಾತ್ರ ಬೇಕು. ಸರ್ವೋತ್ತಮ ಗಂಜಿ ನುಂಗಿದ. ಹೆಂಡತಿ ವಾರಿಜಾಕ್ಷಿ ಕೂಡ ಸೌಟು ಹಿಡಿದುಕೊಂಡು ಅವನನ್ನೇ ನೋಡುತ್ತಿದ್ದಳು.

"ತಲೆ," ಎಂದ ಸರ್ವೋತ್ತಮ.

ಈಗ ಸತ್ಯ ಏನೆಂದು ಹೇಳಿಬಿಡಬೇಕು. ನಾಖಾ ಸ್ಟೋರ್ಸಿನ ಯಜಮಾನರು, ಎಂದರೆ ಎಲ್ಲರ ಬಾಯಲ್ಲಿ ಅರ್ಬಾಬ್, ಒಮ್ಮೆ ಅಮೆರಿಕಕ್ಕೆ ಹೋಗಿದ್ದಾಗ ಅಲ್ಲಿಯ ಒಂದು ದೊಡ್ಡ ಅಂಗಡಿ ಹಬ್ಬದ ರಜೆಯಲ್ಲಿ ಊರ ಬೀದಿಯಲ್ಲಿ ಮೆರವಣಿಗೆ ಹೊರಡಿಸುವುದನ್ನು ಕಂಡರು. ಮನೆಯಷ್ಟು ದೊಡ್ಡ ಬಲೂನು, ಬ್ಯಾಂಡು, ರಸ್ತೆಯ ಇಕ್ಕೆಲದಲ್ಲಿ ಜನವೋ ಜನ. ವಾಪಸು ಬಂದವರೇ, ರಾಷ್ಟ್ರೀಯ ದಿನದ ರಜೆಯಲ್ಲಿ ತಮ್ಮದೂ ಒಂದು ಪರೇಡು ಆಗಬೇಕು, ಅದರಲ್ಲಿ ನಡೆಯುವವರು ಬಾಡಿಗೆಯವರಲ್ಲ, ಅಂಗಡಿಯ ಸ್ಟಾಫೇ ಎಂದು ಅಪ್ಪಣೆ ಮಾಡಿದರು. ಅಂದಿನಿಂದ ಪ್ರತಿ ಡಿಸೆಂಬರಿನಲ್ಲಿ ಅಡಿಗೆ ಪಾತ್ರೆಯ ಸೆಕ್ಷನ್ನಿನವರು ಖರ್ಜೂರದ ಮರಗಳಾಗುತ್ತಾರೆ, ಬಟ್ಟೆಯವರು ಮುತ್ತು ತೆಗೆಯುವವರಾಗುತ್ತಾರೆ. ಅಂಗಡಿಯ ಗುರುತಾದ ಒಂಟೆಗೆ ಮಾತ್ರ ಒಳಗೆ ಇಬ್ಬರು ಬೇಕು. ತಲೆ ಮತ್ತು ಮುಂಗಾಲಿಗೆ ಒಬ್ಬ, ಹಿಂಗಾಲಿಗೆ ಇನ್ನೊಬ್ಬ.

ಪರೇಡಿನ ಉಸ್ತುವಾರಿ ಅಲೆಕ್ಸಾಂಡರನದು. ಹುಟ್ಟಿದ್ದು, ಬೆಳೆದದ್ದು, ಸಿಟ್ಟು ಮಾಡಲು ಕಲಿತದ್ದು ಎಲ್ಲ ಅಬುಧಾಬಿಯಲ್ಲಿ. ಕನ್ನಡ ಮಾತ್ರ ಮಂಗಳೂರಿನ ಅಜ್ಜಿಯಿಂದ ರಜೆಯಲ್ಲಿ ಬಂದದ್ದು. ಅವನು ಟೇಪು ಹಿಡಿದು ಎಲ್ಲರನ್ನೂ ಅಳೆದ. ಪರ್ಫ್ಯೂಮ್ ಸೆಕ್ಷನ್ನಿನ ಬೆನೆಡಿಕ್ಟನ ಹತ್ತಿರ ನಿಂತು, "ಲಾಂಗ್ ನೆಕ್. ನೀನು ತಲೆ," ಎಂದ. ಸರ್ವೋತ್ತಮನ ಹೊಟ್ಟೆಯ ಹತ್ತಿರ ಟೇಪು ಸಾಲದೆ ಬಂತು. "ಬ್ರೋ, ಹಿಂದೆ ಸ್ವಲ್ಪ ವೇಟ್ ಬೇಕು. ಇಲ್ಲದಿದ್ದರೆ ಒಂಟೆ ಮುಂದಕ್ಕೆ ಮಗುಚ್ತದೆ."

ಹೀಗೆ ಸರ್ವೋತ್ತಮ ಒಂಟೆಯ ಹಿಂಭಾಗಕ್ಕೆ ನೇಮಕವಾದ. ನಡು ಬಗ್ಗಿಸಿ, ಬೆನೆಡಿಕ್ಟನ ಸೊಂಟ ಹಿಡಿದು, ಕತ್ತಲೆಯಲ್ಲಿ ನಡೆಯುವುದು. ಒಂಟೆಯ ಹೊಟ್ಟೆಯ ಹತ್ತಿರ ಅಂಗೈಯಗಲದ ಒಂದು ಬಲೆಯ ಕಿಂಡಿ. ಅದರಲ್ಲಿ ಕಾಣುವುದು ಜನರ ಚಪ್ಪಲಿಗಳಷ್ಟೇ. ಬೆನೆಡಿಕ್ಟನ ಕೈಯಲ್ಲಿ ಎರಡು ದಾರ, ಎಳೆದರೆ ಒಂಟೆಯ ಒಂದೊಂದು ರೆಪ್ಪೆ ಮುಚ್ಚಿ ತೆರೆಯುತ್ತದೆ. ಸರ್ವೋತ್ತಮನ ಕೈಯಲ್ಲೂ ಒಂದು ದಾರ. ಅದು ಬಾಲದ್ದು.

*

ಹೇಳಿದ ಸುಳ್ಳು ಮನೆಯೊಳಗೇ ಇದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಅದು ಮರುದಿನವೇ ಸ್ಕೂಲ್ ಬಸ್ಸು ಹತ್ತಿತು.

ತೃಷಾಳ ಟೀಚರು ಫರ್ಝಾನ ಮೇಡಂ, ರಜೆಯಲ್ಲಿ ನಿಮ್ಮ ಮನೆಯವರು ಏನು ಮಾಡುತ್ತಾರೆ ಎಂದು ಚಿತ್ರ ಬರೆಸಿದರು. ತೃಷಾ ಒಂದು ಒಂಟೆ ಬರೆದು ಅದರ ತಲೆಗೆ ಅಪ್ಪನ ಮುಖ, ಕನ್ನಡಕ, ಮೀಸೆ ಎಲ್ಲ ಜೋಡಿಸಿದಳು. ಪಕ್ಕದ ಬೆಂಚಿನಲ್ಲಿ ಕೂರುವವಳು ಒಲಿವಿಯಾ, ಬೆನೆಡಿಕ್ಟನ ಮಗಳು. ಅವಳೂ ಒಂಟೆಯನ್ನೇ ಬರೆದಳು. ಅದಕ್ಕೆ ಬೆನೆಡಿಕ್ಟನ ಮುಖ. ಎರಡೂ ಚಿತ್ರಗಳು ಗೋಡೆಯ ಮೇಲೆ ಅಕ್ಕಪಕ್ಕ ಏರಿದವು. ಕ್ಲಾಸಿಗೆ ಕ್ಲಾಸೇ ಎರಡು ಪಕ್ಷವಾಯಿತು. ತಲೆ ಯಾರಪ್ಪ?

ಫರ್ಝಾನ ಮೇಡಂ ನ್ಯಾಯವಂತೆ. ಪರೇಡಿನ ದಿನ ನೋಡೋಣ, ಯಾರದು ಸುಳ್ಳೋ ಅವರು ರಜೆ ಮುಗಿದ ಮೇಲೆ ಕ್ಲಾಸಿನ ಮುಂದೆ ನಿಂತು ಸಾರಿ ಹೇಳಬೇಕು, ಅವರ ಚಿತ್ರ ಕೆಳಗಿಳಿಯುತ್ತದೆ ಎಂದು ತೀರ್ಪು ಕೊಟ್ಟರು. ಪರೀಕ್ಷೆಯ ವಿಧಾನವನ್ನು ಹುಡುಗಿಯರೇ ಗೊತ್ತು ಮಾಡಿಕೊಂಡರು. ಇಬ್ಬರೂ ರಸ್ತೆಬದಿ ಒಂದೇ ಜಾಗದಲ್ಲಿ ನಿಲ್ಲುವುದು. ಒಂಟೆ ಯಾರನ್ನು ನೋಡಿ ಕಣ್ಣು ಮಿಟುಕಿಸುತ್ತದೋ ಅವಳಪ್ಪನೇ ತಲೆ.

ಇದನ್ನೆಲ್ಲ ವಾರಿಜಾಕ್ಷಿ ಅಮ್ಮಂದಿರ ವಾಟ್ಸಾಪ್ ಗುಂಪಿನಲ್ಲಿ ಓದಿ ಗಂಡನಿಗೆ ಹೇಳಿದಳು. "ಆ ಬೆನೆಡಿಕ್ಟನಿಗೆ ನಾಚಿಕೆ ಇಲ್ವಾ ನೋಡಿ. ಹಿಂದೆ ಇದ್ದುಕೊಂಡು ಮಗಳಿಗೆ ಮುಂದೆ ಅಂತ ಹೇಳುದಾ?"

ಸರ್ವೋತ್ತಮ ಬಾಯಿ ತೆರೆದ. ಆಗಲೇ ಅವಳ ಫೋನು ಹೊಡೆದುಕೊಂಡಿತು. ಅಬುಧಾಬಿ ಕಡೆಯ ಮುಸಫ್ಫಾದಲ್ಲಿ ಫ್ಯಾಬ್ರಿಕೇಶನ್ ಕಂಪೆನಿಯಲ್ಲಿರುವ ಅವಳ ತಮ್ಮ ಸುಮಿತ್. ಸ್ಪೀಕರಿನಲ್ಲಿ ಅವನ ದನಿ ಮನೆ ತುಂಬಿತು. "ಭಾವ ಒಂಟೆಯ ತಲೆಯಂತೆ? ಅಕ್ಕ, ನಮ್ಮ ರೂಮಿನವರೆಲ್ಲ ಬರ್ತೇವೆ. ಭಾವನಿಗೆ ಒಂದು ಸರ್‌ಪ್ರೈಸ್ ಉಂಟು."

ಸರ್ವೋತ್ತಮ ಬಾಯಿ ಮುಚ್ಚಿದ.

ಮರುದಿನ ಸ್ಕೂಲ್ ಬಸ್ಸಿಗೆ ಕಾಯುವಾಗ ಇನ್ನೊಮ್ಮೆ ತೆರೆದ. "ತೃಷಾ, ಒಂಟೆಗೆ ಹಿಂದೆ ಕೂಡ ಒಬ್ಬರು ಬೇಕಲ್ಲ. ಅವರದ್ದೂ ದೊಡ್ಡ ಕೆಲಸವೇ."

"ಐ ನೋ. ಒಲಿವಿಯಾನ ಡ್ಯಾಡಾ. ಪಾಪ."

"ಪಾಪ ಎಂತದಕ್ಕೆ?"

"ಪಪ್ಪಾ, ಹಿ ಈಸ್ ದಿ ಬಮ್," ಎಂದು ತೃಷಾ ಕರುಣೆಯಿಂದ ಹೇಳಿದಳು. ಬಸ್ಸು ಬಂತು.

*

ಪರ್ಫ್ಯೂಮ್ ಸೆಕ್ಷನ್ನಿನಲ್ಲಿ ಬೆನೆಡಿಕ್ಟ್ ಒಬ್ಬ ಗಿರಾಕಿಯ ಮಣಿಕಟ್ಟಿಗೆ ಊದ್ ಅತ್ತರು ಹಚ್ಚುತ್ತಿದ್ದ. ಗಿರಾಕಿ ಮೂಸುತ್ತಾ ದೂರ ಹೋಗುವವರೆಗೂ ಸರ್ವೋತ್ತಮ ಬಾಟಲಿಗಳ ಬೆಲೆ ಓದುವವನಂತೆ ನಿಂತ.

"ಒಂದು ಸಹಾಯ ಆಗಬೇಕಿತ್ತು ಮಾರಾಯ. ಒಂದು ದಿನಕ್ಕೆ ನಿನ್ನ ತಲೆ ನನಗೆ ಕೊಡು."

"ಅದು ನಿಮ್ಮ ಹೊಟ್ಟೆಗೆ ಇಳಿಯುದಿಲ್ಲ ಸರ್ವೋತ್ತಮಣ್ಣ. ಮತ್ತೆ ನಾನು ಒಲಿವಿಯಾಗೆ ಹೇಳಿ ಆಗಿದೆ."

"ನಾನೂ ತೃಷಾಗೆ ಹೇಳಿ ಆಗಿದೆ."

"ಆದ್ರೆ ನಾನು ಹೇಳಿದ್ದು ಸತ್ಯ ಅಲ್ವಾ," ಎಂದ ಬೆನೆಡಿಕ್ಟ್.

ಸತ್ಯ ಹೇಳುವವರ ಹತ್ತಿರ ವ್ಯವಹಾರ ಕಷ್ಟ. ಸರ್ವೋತ್ತಮ ಅಂಗಲಾಚಿದ. ಕ್ಯಾಂಟೀನಿನಲ್ಲಿ ತನ್ನ ಮೀನಿನ ತುಂಡನ್ನು ಅವನ ತಟ್ಟೆಗೆ ಹಾಕಿದ. ಬೇಸ್‌ಮೆಂಟಿನ ಪಾರ್ಕಿಂಗಿನಲ್ಲಿ ರಿಹರ್ಸಲ್ ನಡೆಯುವಾಗ ಹಿಂದಿನಿಂದ ಅವನ ಸೊಂಟ ಹಿಡಿದುಕೊಂಡೇ ಬೇಡಿದ. ಮೊದಲೇ ಬಗ್ಗಿರುವ ಮನುಷ್ಯ ಇನ್ನಷ್ಟು ಬಗ್ಗುವುದು ಹೇಗೆ? ಆದರೂ ಬಗ್ಗಿದ. ಬೆನೆಡಿಕ್ಟನ ಮನಸ್ಸು ಕೊನೆಗೆ ಅರ್ಧ ಕರಗಿತು.

"ಆಯ್ತು ಮಾರಾಯ್ರೆ, ಅಳಬೇಡಿ. ಕಣ್ಣು ಎರಡುಂಟಲ್ಲ. ಬಲಗಣ್ಣು ಒಲಿವಿಯಾಗೆ, ಎಡಗಣ್ಣು ತೃಷಾಗೆ. ಅವರವರೇ ತೀರ್ಮಾನ ಮಾಡಿಕೊಳ್ಳಲಿ."

ನೆಲಮಾಳಿಗೆಯಲ್ಲಿ ಒಂಟೆಯ ಬಾಲ ಸಂತೋಷದಿಂದ ಗಿರ್ರನೆ ತಿರುಗಿತು. ಅಲೆಕ್ಸಾಂಡರ್ ವಿಸಿಲ್ ಊದಿದ. "ಟೈಲ್, ಟೈಲ್. ಓವರ್ ಆಕ್ಟಿಂಗ್ ಬೇಡ. ಎಲ್ಲರೂ ಕೇಳಿ. ಒಂಟೆ ಎಲ್ಲಿಯೂ ನಿಲ್ಲಬಾರದು. ಒಂಟೆಯ ಹಿಂದೆ ದಲ್ಲಾ ಬರ್ತದೆ. ಅದಕ್ಕೆ ಬ್ರೇಕ್ ಇಲ್ಲ. ಒಂಟೆ ನಿಂತರೆ ಎಲ್ಲ ಖಲಾಸ್. ನಿಮ್ಮ ಕೆಲಸವೂ ಖಲಾಸ್. ಅರ್ಬಾಬ್ ಬಾಲ್ಕನಿಯಲ್ಲಿ ಕೂತು ನೋಡ್ತಾರೆ."

ದಲ್ಲಾ ಎಂದರೆ ಇಲ್ಲಿಯವರು ಅತಿಥಿಗಳಿಗೆ ಗಹ್ವಾ ಬಗ್ಗಿಸುವ ಕೊಕ್ಕಿನ ಕಾಫಿ ಹೂಜಿ. ಪರೇಡಿನದು ಎರಡು ಮಹಡಿ ಎತ್ತರದ, ಗ್ಯಾಸು ತುಂಬಿದ ಬಲೂನು. ಸ್ಟೋರ್‌ರೂಮಿನವರು ಹಗ್ಗ ಹಿಡಿದು ಅದನ್ನು ನಡೆಸುತ್ತಾರೆ ಎಂಬುದು ಹೆಸರಿಗೆ ಮಾತ್ರ. ಗಾಳಿ ಬಂದಾಗ ಅದೇ ಅವರನ್ನು ನಡೆಸುತ್ತದೆ.

*

ಪರೇಡಿನ ಸಂಜೆ ಟೆಂಟಿನೊಳಗೆ ಸರ್ವೋತ್ತಮ ಎಲ್ಲರಿಗಿಂತ ಮೊದಲು ಬಂದ. ಎಡಗಣ್ಣಿನ ಒಪ್ಪಂದ ಇದ್ದರೂ ಅವನ ಜೀವಕ್ಕೆ ಸಮಾಧಾನವಿರಲಿಲ್ಲ. ಒಮ್ಮೆ ಹೊಕ್ಕುಬಿಟ್ಟರೆ ಯಾರು ಎಬ್ಬಿಸುತ್ತಾರೆ ಎಂಬ ಧೈರ್ಯದಿಂದ ಒಂಟೆಯ ತಲೆಯೊಳಗೆ ನುಗ್ಗಿದ. ತಲೆ ಕಂಕುಳಿನವರೆಗೆ ಬಂದು ಅಲ್ಲಿ ಸಿಕ್ಕಿಹಾಕಿಕೊಂಡಿತು. ಕತ್ತು ಎದ್ದು ನಿಲ್ಲಲಿಲ್ಲ. ಅಲೆಕ್ಸಾಂಡರ್ ಪರದೆ ಸರಿಸಿ ನೋಡುವಾಗ ಒಂದು ಒಂಟೆ ಚಿನ್ನದ ಸರ ಕಳೆದುಕೊಂಡ ಹೆಂಗಸಿನ ಹಾಗೆ ನೆಲ ಹುಡುಕುತ್ತಾ ಟೆಂಟು ಸುತ್ತುತ್ತಿತ್ತು.

"ಬ್ರೋ, ಅದು ಯಾರು?"

"ನಾನು," ಎಂದಿತು ಒಂಟೆ.

ಇಬ್ಬರು ಕಾಲು ಹಿಡಿದು, ಒಬ್ಬ ಕಿವಿ ಹಿಡಿದು, ಸರ್ವೋತ್ತಮನನ್ನು ಹೊರಗೆಳೆದರು. ಈ ಎಳೆದಾಟದಲ್ಲಿ ಒಳಗೆ ಎಲ್ಲೋ ಟಕ್ಕೆಂದು ಒಂದು ಸಣ್ಣ ಸದ್ದಾಯಿತು. ಯಾರೂ ಗಮನಿಸಲಿಲ್ಲ. ಬೆನೆಡಿಕ್ಟ್ ತಲೆ ಹಾಕಿಕೊಂಡ, ಸರ್ವೋತ್ತಮ ಬಗ್ಗಿದ, ಹೊರಗಿನಿಂದ ಜಿಪ್ ಎಳೆದರು. ಮುಂದಿನಿಂದ ಬ್ಯಾಂಡಿನ ಸದ್ದು, ಹಿಂದಿನಿಂದ "ಯಲ್ಲಾ, ಯಲ್ಲಾ" ಎಂಬ ಕೂಗು. ಒಂಟೆ ಹೊರಟಿತು.

ಒಳಗೆ ಬೆವರು, ಫೋಮಿನ ನಾತ, ಬೆನೆಡಿಕ್ಟ್ ಬಳಿದುಕೊಂಡ ಊದ್. ಕಿಂಡಿಯಲ್ಲಿ ಚಪ್ಪಲಿಗಳ ಮೆರವಣಿಗೆ: ಗಂಡಸರ ಸ್ಯಾಂಡಲ್, ಹೆಂಗಸರ ಹೀಲ್ಸು, ಸ್ಟ್ರಾಲರಿನ ಚಕ್ರ, ಬಿದ್ದ ಪಾಪ್‌ಕಾರ್ನು.

"ಈಗ ಎಲ್ಲಿ?" ಎಂದ ಸರ್ವೋತ್ತಮ.

"ಈಗಷ್ಟೇ ಹೊರಟದ್ದು. ಸುಮ್ಮನೆ ನಡೀರಿ."

"ಈಗ?"

"ಶವರ್ಮಾ ಅಂಗಡಿ. ಮುಂದಿನದು ಫಾರ್ಮಸಿ. ಅಲ್ಲೇ ಅಲ್ವಾ ಇರುದು?"

ಫಾರ್ಮಸಿಯ ಎದುರು ಮನೆಯವರು ಮಧ್ಯಾಹ್ನದಿಂದಲೇ ಜಾಗ ಹಿಡಿದಿದ್ದರು. ಹಿಡಿದವರು ಸರ್ವೋತ್ತಮನ ಮನೆಯಿರುವ ಮಹಡಿಯಲ್ಲೇ ಇರುವ ಬೀಪಾತುಮ್ಮ. ಮಗನ ಮನೆಯಲ್ಲಿರುವ ಆ ಮುದುಕಿ ಮಡಚುವ ಕುರ್ಚಿ, ನೀರು, ಸಮೋಸಾದ ಡಬ್ಬಿ ಎಲ್ಲ ತಂದು, ಅಕ್ಕಪಕ್ಕ ಯಾರು ಬಂದರೂ "ಇಲ್ಲಿ ಆಳುಂಟು, ಆಳುಂಟು" ಎಂದು ಓಡಿಸಿ, ಇಬ್ಬರು ಹುಡುಗಿಯರನ್ನು ಮುಂದೆ ನಿಲ್ಲಿಸಿಕೊಂಡಿದ್ದರು. ಹಿಂದೆ ವಾರಿಜಾಕ್ಷಿ ಮತ್ತು ಬೆನೆಡಿಕ್ಟನ ಹೆಂಡತಿ ಜೂಡಿತ್, ಒಬ್ಬರೊಡನೊಬ್ಬರು ಸೀರೆಯ ಬಗ್ಗೆ ಮಾತ್ರ ಮಾತಾಡುತ್ತಾ.

"ಅಯ್ಯೋ," ಎಂದ ಬೆನೆಡಿಕ್ಟ್.

"ಎಂತಾಯ್ತು?"

"ಎಡಗಣ್ಣಿನ ದಾರ ಕೈಗೆ ಬಂತು."

"ಹಾಗಂದ್ರೆ?"

"ತುಂಡಾಗಿದೆ ಅಂತ. ನೀವು ತಲೆಯೊಳಗೆ ಕುಸ್ತಿ ಮಾಡಿದ್ರಲ್ಲ, ಅದಕ್ಕೇ."

ಸರ್ವೋತ್ತಮನ ಕೈ ಬೆನೆಡಿಕ್ಟನ ಸೊಂಟವನ್ನು ಬಿಗಿಯಾಗಿ ಹಿಡಿಯಿತು. "ಬೆನೆಡಿಕ್ಟ್, ಬಲಗಣ್ಣನ್ನು ಎರಡು ಸಲ ಹೊಡಿ ಮಾರಾಯ. ಒಂದು ಒಲಿವಿಯಾಗೆ, ಒಂದು ತೃಷಾಗೆ."

"ಹೇಗೆ ಗೊತ್ತಾಗ್ತದೆ ಅವರಿಗೆ ಯಾವುದು ಯಾರಿಗೆ ಅಂತ? ಇಬ್ಬರೂ ನನಗೇ ಅಂತ ಹೇಳ್ತಾರೆ. ನೋಡಿ, ಉಳಿದ ಕಣ್ಣು ಒಲಿವಿಯಾದು. ನನಗೂ ಮನೆಗೆ ಹೋಗ್ಲಿಕ್ಕುಂಟು."

ಕಿಂಡಿಯಲ್ಲಿ ಬೀಪಾತುಮ್ಮನ ಹಸಿರು ಪ್ಲಾಸ್ಟಿಕ್ ಚಪ್ಪಲಿ ಕಾಣಿಸಿತು. ಅದರ ಪಕ್ಕ ಎರಡು ಜತೆ ಚಿಕ್ಕ ಶೂಗಳು. ಒಂದು ಜತೆ ಬಿಳಿ. ಇನ್ನೊಂದು ಜತೆಯ ಹಿಮ್ಮಡಿಯಲ್ಲಿ ಕೆಂಪು ದೀಪ, ಹಾರಿದರೆ ಹೊತ್ತುವಂಥದ್ದು. ಈದ್ ಸೇಲಿನಲ್ಲಿ ಸರ್ವೋತ್ತಮನೇ ತಂದುಕೊಟ್ಟದ್ದು. ಆ ದೀಪಗಳು ಹೊತ್ತಿ, ಆರಿ, ಹೊತ್ತಿ, ಆರಿ, ಕುಣಿಯುತ್ತಿದ್ದವು.

"ಪಪ್ಪಾ. ಪಪ್ಪಾ. ಲುಕ್ ಹಿಯರ್," ಎಂದು ತೃಷಾಳ ದನಿ ಬ್ಯಾಂಡನ್ನು ಸೀಳಿಕೊಂಡು ಬಂತು.

ಬೆನೆಡಿಕ್ಟ್ ಬಲಗಣ್ಣಿನ ದಾರ ಎಳೆದ. ತಲೆಯನ್ನು ಒಲಿವಿಯಾಳ ಕಡೆಗೇ, ತಪ್ಪು ತಿಳಿಯಲು ಎಡೆಯೇ ಇಲ್ಲದಂತೆ, ವಾಲಿಸಿ ಎಳೆದ. "ಡ್ಯಾಡಾ," ಎಂದು ಬಿಳಿ ಶೂಗಳು ನೆಲ ಬಿಟ್ಟವು. "ನೋಡಿದ್ಯಾ? ನೋಡಿದ್ಯಾ?"

ಕೆಂಪು ದೀಪಗಳು ಆರಿದವು. ಮತ್ತೆ ಹೊತ್ತಲಿಲ್ಲ. ಚಿಕ್ಕ ಶೂಗಳು ನೆಲಕ್ಕೆ ಅಂಟಿಕೊಂಡಂತೆ ನಿಂತವು. ಕಿಂಡಿಯೊಳಗಿಂದ ಅಷ್ಟು ಮಾತ್ರ ಕಾಣುತ್ತಿತ್ತು, ಅಷ್ಟು ಸಾಕಾಗಿತ್ತು.

"ಪೋಟು ಮೋಳೆ, ಹೋಗಲಿ ಬಿಡು ಮಗಳೇ," ಎಂದರು ಬೀಪಾತುಮ್ಮ ಎಲ್ಲೋ ಮೇಲಿನಿಂದ. "ಒಂಟೆಗೆ ಈ ಕಣ್ಣು ಕಾಣ್ತಾ ಇಲ್ಲ ಅಂತ ಕಾಣ್ತದೆ. ನನಗೂ ಹಾಗೇ."

ಸರಿಯಾಗಿ ಆ ಹೊತ್ತಿಗೆ ಸುಮಿತನ ಸರ್‌ಪ್ರೈಸ್ ಶುರುವಾಯಿತು.

*

ಇಲ್ಲಿ ಸರ್ವೋತ್ತಮನ ಕಾಲುಗಳ ಪೂರ್ವಚರಿತ್ರೆಯನ್ನು ಸ್ವಲ್ಪ ಹೇಳಲೇಬೇಕು. ದುಬೈಗೆ ಬರುವ ಮೊದಲು ಉಡುಪಿಯಲ್ಲಿ ಪ್ರತಿ ಅಷ್ಟಮಿಗೂ ಅವನು ಹುಲಿವೇಷ ಹಾಕುತ್ತಿದ್ದ. ಮೈಗೆ ಹಳದಿ ಬಣ್ಣ, ಹೊಟ್ಟೆಗೆ ಕಪ್ಪು ಪಟ್ಟೆ, ಮುಂದೆ ತಾಸೆಯೆಂಬ ವಾದ್ಯ. ತಾಸೆಯ ಪೆಟ್ಟು ಬಿದ್ದ ಮೇಲೆ ಹುಲಿ ನಿಲ್ಲುವ ಪದ್ಧತಿ ಅಲ್ಲಿ ಇಲ್ಲ. ಬಣ್ಣ ತೊಳೆದು ಎಷ್ಟೋ ವರ್ಷವಾದರೂ ಈ ಒಪ್ಪಂದವನ್ನು ಕಾಲುಗಳು ಮುರಿದಿರಲಿಲ್ಲ. ಮನೆಯ ಹಳೆಯ ವಾಷಿಂಗ್ ಮಶೀನು ಬಟ್ಟೆ ಹಿಂಡಲು ತೊಡಗಿ ದಡಬಡ ಎಂದರೆ ಸಾಕು, ಸರ್ವೋತ್ತಮ ಹಲ್ಲುಜ್ಜುತ್ತಿದ್ದರೂ ಸರಿ, ಎಡಗಾಲನ್ನು ಹಿಂದಕ್ಕೆ ಝಾಡಿಸಿ, ಸೊಂಟ ತಿರುಗಿಸಿ, ಬಚ್ಚಲಿನಿಂದ ಅಡುಗೆಮನೆಯವರೆಗೆ ಒಂದು ಹೆಜ್ಜೆ ಹಾಕಿಯೇ ಹಾಕುವನು. ತೃಷಾ ಅದನ್ನು ನೋಡಲೆಂದೇ ಮಶೀನಿಗೆ ಹೆಚ್ಚು ಬಟ್ಟೆ ತುಂಬಿಸಿ ಬೈಸಿಕೊಂಡದ್ದುಂಟು.

ಈಗ ಮುಸಫ್ಫಾದಿಂದ ಕಂಪೆನಿ ಬಸ್ಸು ಕಾಡಿ ಬೇಡಿ ತಂದ ಸುಮಿತ್ ಮತ್ತು ಅವನ ರೂಮಿನವರು, ಊರವರ ಸಂಘದ ಎರಡು ತಾಸೆ, ಒಂದು ಡೋಲು ಕುತ್ತಿಗೆಗೆ ಕಟ್ಟಿಕೊಂಡು, ಭಾವನ ಗೌರವಾರ್ಥ, ಒಂಟೆಯ ಕಿವಿಯ ಬುಡದಲ್ಲೇ ಬಾರಿಸಿದರು.

"ಭಾವಾ, ನಲಿಪುಲೆ," ಎಂದು ಸುಮಿತ್ ತುಳುವಿನಲ್ಲಿ ಕೂಗಿದ. ಕುಣಿಯಿರಿ ಎಂದು ಅವನು ಹೇಳಿದ್ದು ತಲೆಗೆ. ಕೇಳಿಸಿದ್ದು ಹಿಂಗಾಲಿಗೆ.

ಸರ್ವೋತ್ತಮ ಹಲ್ಲು ಕಚ್ಚಿದ. ಕುಣಿದನೋ, ತಾನು ಒಂಟೆಯ ಯಾವ ತುದಿಯಲ್ಲಿದ್ದೇನೆಂದು ಮಗಳಿಗೆ ಗೊತ್ತಾಗುವುದು ಖಂಡಿತ. ಎರಡು ಮೊಣಕಾಲುಗಳನ್ನೂ ಒಂದಕ್ಕೊಂದು ಒತ್ತಿಹಿಡಿದ. ಬಾಲದ ದಾರವನ್ನು ಬಾಯಲ್ಲಿ ಕಚ್ಚಿಕೊಂಡ. ಎಡಪಾದ ಒಮ್ಮೆ ನಡುಗಿತು. ಅದನ್ನು ಬಲಪಾದದಿಂದ ಮೆಟ್ಟಿದ.

"ಎಂತ ನಿಂತುಬಿಟ್ರಿ?" ಎಂದ ಬೆನೆಡಿಕ್ಟ್. "ನಡೀರಿ. ಹಿಂದಿನಿಂದ ಹೂಜಿ ಬರ್ತಾ ಉಂಟು."

ಡೋಲು ಒಂದು ಉರುಳಿಕೆ ಕೊಟ್ಟು ತಾಸೆಗೆ ದಾರಿ ಬಿಟ್ಟಿತು. ಆಮೇಲೆ ನಡೆದದ್ದಕ್ಕೆ ಸರ್ವೋತ್ತಮ ಜವಾಬ್ದಾರನಲ್ಲ. ಎಡಗಾಲು ಹಿಂದಕ್ಕೆ ಝಾಡಿಸಿತು. ಸೊಂಟ ತಿರುಗಿತು. ಅಲ್ ಮುರಕ್ಕಬಾತಿನ ನಡುರಸ್ತೆಯಲ್ಲಿ ಒಂಟೆಯ ಮುಂಭಾಗ ಗಂಭೀರವಾಗಿ ಅಬುಧಾಬಿ ದಿಕ್ಕಿಗೆ ನಡೆಯುತ್ತಿರಲು, ಹಿಂಭಾಗ ಉಡುಪಿಯ ರಥಬೀದಿಗೆ ಹೊರಟಿತು.

"ಸತ್ತೆ ಮಾರಾಯ್ರೆ, ಒಂಟೆ ಹರೀತದೆ," ಎಂದ ಬೆನೆಡಿಕ್ಟ್. ಹೊಟ್ಟೆಯ ಹೊಲಿಗೆ ಚರಕ್ಕೆಂದಿತು.

"ನನ್ನ ಕೈಯಲ್ಲಿಲ್ಲ. ತಾಸೆ ನಿಲ್ಲಿಸ್ಲಿಕ್ಕೆ ಹೇಳು."

"ನಾನು ಒಂಟೆ. ನಾನು ಹೇಗೆ ಹೇಳುದು?"

ಬಾಯಲ್ಲಿದ್ದ ದಾರದಿಂದ ಬಾಲವೂ ತಾಳಕ್ಕೆ ಸುತ್ತತೊಡಗಿತು. ಜನ ಮೊದಲು ನಕ್ಕರು, ಆಮೇಲೆ ಫೋನು ಎತ್ತಿದರು. ಅಲೆಕ್ಸಾಂಡರನ ವಿಸಿಲ್ ದೂರದಿಂದ ಹತ್ತಿರಕ್ಕೆ ಓಡಿಬಂತು. "ಮೂವ್. ಕ್ಯಾಮೆಲ್, ಮೂವ್. ದಲ್ಲಾ ನಿಲ್ಲುದಿಲ್ಲ." ದಲ್ಲಾದ ಹಗ್ಗದವರು "ಹಟೋ, ಹಟೋ" ಎಂದು ಅರಚುತ್ತಿದ್ದರು. ಕಿಂಡಿಯ ಬೆಳಕು ಮಸುಕಾಯಿತು. ಎರಡು ಮಹಡಿಯ ನೆರಳು ಒಂಟೆಯ ಮೇಲೆ ಇಳಿಯುತ್ತಿತ್ತು.

ಆಗ ಆ ಗದ್ದಲದ ನಡುವೆ ಒಂದು ದನಿ, ಸ್ಫುಟವಾಗಿ, ಪ್ರಾರ್ಥನೆಯ ಸಾಲಿನಲ್ಲಿ ನಿಂತು ಹೇಳುವ ಹಾಗೆ, ಕೇಳಿಸಿತು.

"ದಟ್ಸ್ ಮೈ ಪಪ್ಪಾ. ದಿ ಬ್ಯಾಕ್."

ಸರ್ವೋತ್ತಮನ ಕಾಲು ಗಾಳಿಯಲ್ಲೇ ನಿಂತಿತು. ತಾಸೆ ಬಾರಿಸುತ್ತಲೇ ಇತ್ತು, ಕಾಲು ಮಾತ್ರ ಹುಟ್ಟಿದ ಮೇಲೆ ಮೊದಲ ಬಾರಿಗೆ ನಿಂತಿತು. ಒಂಟೆ ಪೂರ್ತಿ ಸ್ತಬ್ಧ. ದಲ್ಲಾ ಬಂದು ಡುಬ್ಬಕ್ಕೆ ಗುದ್ದಿತು. ಎಲ್ಲೋ ಪುಸ್ಸೆಂದಿತು. ಗಾಳಿ ಬಿಟ್ಟುಕೊಂಡ ಹೂಜಿಯ ಉದ್ದನೆಯ ಕೊಕ್ಕು ನಿಧಾನವಾಗಿ, ಬಲು ಮರ್ಯಾದೆಯಿಂದ, ಬಾಗುತ್ತಾ ಬಾಗುತ್ತಾ ಬಂದು ಒಂಟೆಯ ಬಾಯಿಯ ನೇರಕ್ಕೆ ನಿಂತಿತು.

ಸರ್ವೋತ್ತಮ ಕಿಂಡಿಗೆ ಕಣ್ಣು ಕೊಟ್ಟ. ಮಬ್ಬಿನಲ್ಲಿ ಹಸಿರು ಚಪ್ಪಲಿ. ಬಿಳಿ ಶೂಗಳು, ಅಲುಗಾಡದೆ. ಅದರ ಪಕ್ಕ ಕೆಂಪು ದೀಪ ಒಮ್ಮೆ ಹೊತ್ತಿತು. ಆರಿತು. ಮತ್ತೆ ಹೊತ್ತಿತು. ಎಡಗಾಲು ಹಿಂದಕ್ಕೆ ಝಾಡಿಸಿ, ಸೊಂಟ ತಿರುಗಿಸಿ, ದೀಪಗಳೆರಡೂ ತಾಸೆಗೆ ಸರಿಯಾಗಿ ಹೊತ್ತುತ್ತಿದ್ದವು.

"ಬೆನೆಡಿಕ್ಟ್," ಎಂದ ಸರ್ವೋತ್ತಮ, "ಗಟ್ಟಿ ನಿಂತುಕೋ."

"ಬೇಡ ಮಾರಾಯ್ರೆ. ಬೇಡ ಸರ್ವೋತ್ತಮಣ್ಣ. ನನಗೆ ಇಬ್ಬರು ಮಕ್ಕಳುಂಟು."

*

ಮನೆಗೆ ನಡೆದುಕೊಂಡು ಹೋಗುವಾಗ ವಾರಿಜಾಕ್ಷಿ ಗಂಡನನ್ನು ಹಿಂದೆ ಬಿಟ್ಟು ಮಗಳ ಕೈ ಹಿಡಿದು ಬಿರಬಿರನೆ ನಡೆದಳು. ಬೀಪಾತುಮ್ಮನ ಕುರ್ಚಿ ಹೊತ್ತುಕೊಂಡ ಸುಮಿತ್ ಒಬ್ಬನೇ "ಭಾವ, ತಲೆಯಲ್ಲಿದ್ದುಕೊಂಡು ಹಿಂಗಾಲು ಹೇಗೆ ಆಡಿಸಿದ್ರಿ?" ಎಂದು ಕೇಳಿ, ಅಕ್ಕನ ಮುಖ ನೋಡಿ, ಕುರ್ಚಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡ.

ಲಿಫ್ಟಿನಲ್ಲಿ ತೃಷಾ ಶೂ ನೋಡುತ್ತಾ ಹೇಳಿದಳು. "ನೌ ಐ ಹ್ಯಾವ್ ಟು ಸೇ ಸಾರಿ. ಇಡೀ ಕ್ಲಾಸಿಗೆ."

"ನಾನು ಬಂದು ಹೇಳ್ತೇನೆ ಮಗಾ. ಸುಳ್ಳು ಹೇಳಿದ್ದು ನಾನಲ್ವಾ."

"ಬೇಡ. ಯು ವಿಲ್ ಡ್ಯಾನ್ಸ್." ಆಮೇಲೆ ಕೇಳಿದಳು, "ಬ್ಯಾಕ್ ಅಂತ ಮೊದಲೇ ಯಾಕೆ ಹೇಳಲಿಲ್ಲ? ಹೆಡ್ ಎಂತ ಮಾಡ್ತು? ಒಂದು ಕಣ್ಣು ಮುಚ್ಚಿತು. ಅಷ್ಟೇ."

ಬೀಪಾತುಮ್ಮ ಡಬ್ಬಿಯಲ್ಲಿ ಉಳಿದ ಒಂದು ಸಮೋಸಾವನ್ನು ಸರ್ವೋತ್ತಮನ ಕೈಗಿಟ್ಟರು. "ತಿನ್ನು. ಒಂಟೆಗೆ ಹಸಿವಾಗಿರ್ತದೆ," ಎಂದರು. ಆ ಮನೆಯಲ್ಲಿ ಅಂದು ಅವನಿಗೆ ಸಿಕ್ಕಿದ ಊಟ ಅದೊಂದೇ.

ರಜೆ ಮುಗಿದ ದಿನ ಅಲೆಕ್ಸಾಂಡರನ ಕ್ಯಾಬಿನ್ನಿಗೆ ಕರೆ ಬಂತು. ಒಳಗೆ ಹೋಗುವ ಮೊದಲು ಸರ್ವೋತ್ತಮ ತನ್ನ ಸೆಕ್ಷನ್ನಿನ ಸೂಟ್‌ಕೇಸುಗಳನ್ನು ಬೇರೆಯೇ ಕಣ್ಣಿನಿಂದ ನೋಡಿದ. ಊರಿಗೆ ಹೋಗುವುದಾದರೆ ಯಾವುದರ ಚಕ್ರ ಬಾಳಿಕೆ ಬಂದೀತು ಎಂದು. ಒಳಗೆ ಬೆನೆಡಿಕ್ಟ್ ಆಗಲೇ ಕತ್ತಿಗೆ ಪಟ್ಟಿ ಸುತ್ತಿಕೊಂಡು ನಿಂತಿದ್ದ. ಕಂಪ್ಯೂಟರಿನಲ್ಲಿ ವಿಡಿಯೋ ಓಡುತ್ತಿತ್ತು.

"ಬ್ರೋ," ಎಂದ ಅಲೆಕ್ಸಾಂಡರ್, ಮೆಲ್ಲಗೆ, "ಅರ್ಬಾಬ್ ಇದನ್ನು ಎಷ್ಟು ಸಲ ನೋಡಿದ್ರು ಗೊತ್ತುಂಟಾ?"

ಸರ್ವೋತ್ತಮ ಕೊರಳಿನ ಸ್ಟಾಫ್ ಕಾರ್ಡು ಬಿಚ್ಚಲು ಕೈ ಹಾಕಿದ.

"ಅತಿಥಿಗೆ ದಲ್ಲಾ ಬಗ್ಗಿ ಗಹ್ವಾ ಕೊಡ್ತದೆ, ಸಂತೋಷದಿಂದ ಒಂಟೆ ಕುಣೀತದೆ. ಇಂಥ ಐಡಿಯಾ ಅಮೆರಿಕದಲ್ಲೂ ಇಲ್ಲ ಅಂತ ಹೇಳಿದ್ರು. ಯಾರ ಕಾನ್ಸೆಪ್ಟ್ ಅಂತ ಕೇಳಿದ್ರು."

"ಯಾರದ್ದು ಅಂತ ಹೇಳಿದ್ರಿ ಸರ್?"

ಅಲೆಕ್ಸಾಂಡರ್ ಟೈ ಸರಿ ಮಾಡಿಕೊಂಡ. "ಟೀಮ್ ವರ್ಕ್ ಅಂತ ಹೇಳಿದೆ," ಎಂದ. ಆ ಟೀಮಿನಲ್ಲಿ ಯಾರು ಯಾರಿದ್ದರು ಎಂದು ಕೇಳುವಷ್ಟು ಸರ್ವೋತ್ತಮ ದಡ್ಡನಲ್ಲ. "ಮುಂದಿನ ವರ್ಷ ಸೇಮ್ ಟು ಸೇಮ್ ಬೇಕಂತೆ. ತಲೆಗೆ ಯಾರನ್ನಾದರೂ ಹಾಕ್ತೇವೆ. ಹಿಂದೆ ನೀನೇ."

ಸಂಜೆ ಮನೆಗೆ ಬಂದಾಗ ತೃಷಾ ಮೇಜಿನ ಮೇಲೆ ಗಂಭೀರವಾಗಿ ಬಣ್ಣ ಹಚ್ಚುತ್ತಿದ್ದಳು. ಕ್ಲಾಸಿನಲ್ಲಿ ಸಾರಿ ಹೇಳಿ ಆಗಿತ್ತು. ಹೇಳುವಾಗ ದನಿ ಸ್ವಲ್ಪ ಒಡೆಯಿತಂತೆ, ಆದರೆ ಹೇಳಿ ಮುಗಿಸಿದಳಂತೆ. ಆಮೇಲೆ ಹುಡುಗರೆಲ್ಲ ಹಿಂಗಾಲಿನ ಹೆಜ್ಜೆ ತೋರಿಸು ಎಂದರಂತೆ, ತೋರಿಸಿದಳಂತೆ. ಫರ್ಝಾನ ಮೇಡಂ ಹಳೆಯ ಚಿತ್ರ ಇಳಿಸಿ ಹೊಸದು ತರಲು ಹೇಳಿದ್ದಾರೆ. ಹೊಸ ಚಿತ್ರದ ಒಂಟೆಗೆ ತಲೆಯಲ್ಲಿ ಯಾವ ಮುಖವೂ ಇಲ್ಲ. ಮುಖ, ಕನ್ನಡಕ, ಮೀಸೆ ಎಲ್ಲ ಬಾಲದ ಬುಡಕ್ಕೆ ವರ್ಗವಾಗಿದ್ದವು.

ವಾರಿಜಾಕ್ಷಿ ಚಿತ್ರವನ್ನು ನೋಡಿದಳು, ಗಂಡನನ್ನು ನೋಡಿದಳು, ಆಮೇಲೆ ಸೆರಗು ಬಾಯಿಗೆ ಹಿಡಿದುಕೊಂಡು ಅಡುಗೆಮನೆಗೆ ಹೋದಳು. ಅಲ್ಲಿಂದ ನಗು ಕೇಳಿಸಿತು. ಆಮೇಲೆ ಅನ್ನದ ತಟ್ಟೆಯೂ ಬಂತು.

ಊಟ ಅರ್ಧವಾಗುವಾಗ ಬಾಗಿಲಿನ ಬೆಲ್ ಆಯಿತು. ಕತ್ತಿನ ಪಟ್ಟಿಯೊಡನೆ ಬೆನೆಡಿಕ್ಟ್. ಒಳಗೆ ಬರಲಿಲ್ಲ. ಸರ್ವೋತ್ತಮನನ್ನು ಹೊರಗೆ ಲಿಫ್ಟಿನ ಹತ್ತಿರ ಕರೆದುಕೊಂಡು ಹೋಗಿ, ಸುತ್ತ ನೋಡಿ, ದನಿ ತಗ್ಗಿಸಿದ.

"ಒಂದು ಸಹಾಯ ಆಗಬೇಕಿತ್ತು ಸರ್ವೋತ್ತಮಣ್ಣ."

"ಎಂತ?"

"ಒಲಿವಿಯಾ ಇವತ್ತು ಮತ್ತೆ ಚಿತ್ರ ಬರೆದಿದ್ದಾಳೆ. ಕ್ಲಾಸಲ್ಲಿ ಎಲ್ಲರಿಗೂ ಹೇಳಿದ್ದಾಳೆ, ಹಿಂದೆ ಇದ್ದದ್ದು ನನ್ನ ಡ್ಯಾಡಾ, ಕಣ್ಣು ಹೊಡೆದವರು ಬೇರೆ ಯಾರೋ ಅಂತ. ನಾನು ಇಲ್ಲ ಅಂತ ಹೇಳ್ಲಿಕ್ಕೆ ಹೋದೆ. ಅವಳ ಮುಖ ನೋಡಿ ಬಾಯಿ ಬರಲಿಲ್ಲ. ಹೌದು ಅಂದುಬಿಟ್ಟೆ." ಬೆನೆಡಿಕ್ಟ್ ಕತ್ತಿನ ಪಟ್ಟಿ ಸರಿಮಾಡಿಕೊಂಡ. "ನೀವು ತೃಷಾಗೆ ಒಂದು ಮಾತು ಹೇಳಬೇಕು, ಅಷ್ಟೇ."

ಸರ್ವೋತ್ತಮ ಎಂಜಲು ಕೈಯನ್ನು ಹಾಗೇ ಎತ್ತಿ ಹಿಡಿದುಕೊಂಡು ಯೋಚಿಸಿದ. ಮನೆಯೊಳಗೆ ವಾಷಿಂಗ್ ಮಶೀನು ನೀರು ಬಿಟ್ಟು, ಬಟ್ಟೆ ಹಿಂಡಲು ಸಿದ್ಧವಾಗುತ್ತಿತ್ತು. ಲಿಫ್ಟಿನ ಹತ್ತಿರ ಒಂದು ಎಡಗಾಲು ಆಗಲೇ ಸಣ್ಣಗೆ ನಡುಗಲು ತೊಡಗಿತ್ತು.

"ಕಾಲು ಎರಡುಂಟಲ್ಲ ಮಾರಾಯ," ಎಂದ ಕೊನೆಗೆ. "ಬಲಗಾಲು ನಿನ್ನದು ಅಂತ ಹೇಳು. ಎಡಗಾಲು ಮಾತ್ರ ಕೇಳಬೇಡ."